ಬಾಗಿಲು ಹಾಕಿಕೊಂಡು ತುಂಬಿದ ಉಡಿ

ಇಟಲಿಯ ಆ ಸಿನಿಮಾವನ್ನು ನಾವು ಪೂರ್ತಿ ನೋಡಲಿಲ್ಲ. ಕೊನೆಗೆ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮಗನಿಗೆ ಹೇಳಿದರೆ ಎರಡು ನಿಮಿಷದಲ್ಲಿ ಹುಡುಕಿ ಹಾಕಿಕೊಡುತ್ತಾನೆ. ನನಗೇ ಮನಸ್ಸಿಲ್ಲ. ಅರ್ಧ ನೋಡಿದ್ದೇ ಸಾಕಾಗಿದೆ.

ಕಥೆ ಅಂಥ ದೊಡ್ಡದೇನಲ್ಲ. ಗುಡ್ಡಗಳ ನಡುವೆ ಒಂದು ಹಳ್ಳಿಮನೆ, ಮುಂದೆ ದ್ರಾಕ್ಷಿ ತೋಟ. ಪ್ರತಿ ಬೇಸಿಗೆಗೆ ಒಂದೇ ಬಳಗದ ಸಂಸಾರಗಳು ಬೇರೆ ಬೇರೆ ಪಟ್ಟಣಗಳಿಂದ ಕಾರು ತುಂಬ ಸಾಮಾನು ಹೇರಿಕೊಂಡು ಅಲ್ಲಿಗೆ ಬರುತ್ತವೆ. ಮರದ ಕೆಳಗೆ ಉದ್ದನೆಯ ಮೇಜು ಹಾಕಿಕೊಂಡು ಉಣ್ಣುತ್ತಾರೆ, ಉಣ್ಣುತ್ತಲೇ ಜಗಳಾಡುತ್ತಾರೆ, ಜಗಳ ಮುಗಿಯುವ ಮೊದಲೇ ಇನ್ನೊಂದು ಪಾತ್ರೆ ಬರುತ್ತದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ನೋಡುತ್ತಿದ್ದಂತೆ ನನಗೆ ಇವರೆಲ್ಲ ಪರಿಚಯದವರೇ ಅನ್ನಿಸಿಬಿಟ್ಟಿತು. ನಾವು ಮೂರು ಮನೆಯವರು ಒಮಾನಿನ ನಿಜ್ವಾದ ತೋಟದಲ್ಲಿ ಪ್ರತಿ ಚಳಿಗಾಲ ಮಾಡುತ್ತಿದ್ದುದೂ ಇದನ್ನೇ.

ತೋಟ ಎಂದರೆ ನಮ್ಮ ಸ್ವಂತದ್ದಲ್ಲ. ವಾರಾಂತ್ಯಕ್ಕೆ ಬಾಡಿಗೆಗೆ ಸಿಗುವಂಥದ್ದು. ಖರ್ಜೂರದ ಮರಗಳ ನಡುವೆ ಎರಡು ಕೋಣೆ, ಎಲ್ಲರೂ ಕೂತು ಹರಟಲು ಗೋಡೆಗುಂಟ ದಿಂಬು ಹಾಕಿದ ದೊಡ್ಡ ಮಜ್ಲಿಸ್ ಕೋಣೆ, ಮಕ್ಕಳಿಗೊಂದು ಈಜುಕೊಳ, ಹಿತ್ತಲಲ್ಲಿ ಸಣ್ಣಗೆ ಸದ್ದು ಮಾಡುತ್ತ ಹರಿಯುವ ಫಲಜ್ ಕಾಲುವೆ. ಮುಂಜಾನೆ ಆ ನೀರಿನಲ್ಲಿ ಕಾಲು ಬಿಟ್ಟರೆ ಬೆಚ್ಚಗಿರುತ್ತಿತ್ತು, ಮೇಲೆ ಮೈಯೆಲ್ಲ ಚಳಿ. ಶುಕ್ರವಾರ ಹೋಗಿ ಶನಿವಾರ ಸಂಜೆ ನಾಲ್ಕಕ್ಕೆ ಬಿಟ್ಟುಕೊಡಬೇಕು. ನಾವು ಮಸ್ಕತ್ತಿನ ಅಲ್ ಹೈಲಿನಿಂದ ಹೋಗುತ್ತಿದ್ದೆವು. ಅಲ್ ಅಮೇರಾತಿನಿಂದ ನಮ್ಮ ಗದಗಿನ ಕಡೆಯ ಒಂದು ಚಿಕ್ಕ ಜೋಡಿ ಬರುತ್ತಿತ್ತು. ಆ ಹುಡುಗಿಯನ್ನು ನಾನು ತಂಗಿ ಎನ್ನುತ್ತಿದ್ದೆ, ಅವಳು ನನ್ನನ್ನು ಅತ್ತಿಗೆಯೆಂಬಂತೆ ವೈನಿ ಎನ್ನುತ್ತಿದ್ದಳು. ಮೂರನೆಯದು ನಿಜ್ವಾದಲ್ಲೇ ಇದ್ದ ಅಕ್ಕನ ಮನೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಅವಳದು ಉಡುಪಿಯ ಕಡೆ, ಮನೆಮಾತು ತುಳು. ನನ್ನದು ಬಾಗಲಕೋಟೆ ಜಿಲ್ಲೆ. ಊರಿನಲ್ಲೇ ಇದ್ದಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುವ ಕಾರಣವೇ ಇರಲಿಲ್ಲ. ಮಸ್ಕತ್ತಿನ ಒಂದು ರಾಜ್ಯೋತ್ಸವದಲ್ಲಿ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳು, ‘ಎಂತ ಮಾರಾಯ್ತಿ, ಸಾಲು ಹೋಗುದೇ ಇಲ್ಲ, ಎದುರಿನವರು ಅಲ್ಲೇ ಅಡುಗೆ ಮಾಡ್ತಾ ಇದ್ದಾರಾ ಹೇಗೆ?’ ಎಂದಳು. ನಾನು ನಕ್ಕೆ. ಊಟ ಮುಗಿಯುವಷ್ಟರಲ್ಲಿ ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ನನಗಿಂತ ಐದು ವರ್ಷ ದೊಡ್ಡವಳು, ಒಬ್ಬಳೇ ಮಗಳು ಎಂಬುದೆಲ್ಲ ನನಗೆ ಗೊತ್ತಾಗಿತ್ತು. ನನ್ನ ಬಗ್ಗೆ ಅವಳಿಗೆ ಅದರ ಎರಡರಷ್ಟು. ನಾನು ಬಾಯಿ ಬಿಟ್ಟರೆ ನಿಲ್ಲಿಸುವುದು ಕಷ್ಟ.

ತೋಟವನ್ನು ಹುಡುಕಿದವರು ಅವಳ ಗಂಡ. ನಾನು ಅವರನ್ನು ಭಾವ ಎನ್ನುತ್ತಿದ್ದೆ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ದಿನವಿಡೀ ‘ಉಸಿರು ಹಿಡಿಯಿರಿ, ಅಲುಗಾಡಬೇಡಿ’ ಎಂದು ಮೆಲ್ಲಗೆ ಹೇಳುವ ಮನುಷ್ಯ, ತೋಟಕ್ಕೆ ಬಂದರೆ ಗಂಟಲು ಹರಿಯುವಂತೆ ಕೂಗುತ್ತಿದ್ದರು. ನಮ್ಮದು ಸಸ್ಯಾಹಾರದ ಮನೆ, ಅವರದು ಕೋಳಿ ಮೀನಿನ ಮನೆ. ಮೊದಲ ವರ್ಷವೇ ಭಾವ ಒಂದು ಒಣ ಗರಿಯ ದಂಟಿನಿಂದ ಅಂಗಳದ ನಡುವೆ ಉದ್ದಕ್ಕೂ ಗೆರೆ ಎಳೆದು, ಆಚೆ ಕೋಳಿಯ ಒಲೆ, ಈಚೆ ಎಣ್ಣೆಗಾಯಿಯ ಒಲೆ ಎಂದು ವಿಂಗಡಿಸಿದರು. ತಾವೇ ಗಡಿ ಕಾಯುವ ಅಧಿಕಾರಿ. ಯಾರ ಸೌಟಾದರೂ ಗೆರೆ ದಾಟಿದರೆ, ‘ಪಾಸ್‌ಪೋರ್ಟ್ ಎಲ್ಲುಂಟು? ವೀಸಾ ಕೊಟ್ಟ ಕಫೀಲ್ ಯಾರು?’ ಎಂದು ತಡೆದು ನಿಲ್ಲಿಸುವರು. ಆದರೆ ನಾನು ಜೋಳದ ರೊಟ್ಟಿ ಬಡಿಯಲು ಕುಳಿತೆನೆಂದರೆ ಅಧಿಕಾರಿಗಳೇ ತಟ್ಟೆ ಹಿಡಿದು ಅಕ್ರಮವಾಗಿ ಗಡಿ ದಾಟಿ ಬರುತ್ತಿದ್ದರು. ನಮ್ಮನೆಯವರು ಸ್ವಭಾವತಃ ಮಿತಭಾಷಿ. ಅವರು ವರ್ಷಕ್ಕೆ ನಗುವಷ್ಟನ್ನೂ ಆ ಎರಡು ದಿನಗಳಲ್ಲೇ ನಕ್ಕು ಮುಗಿಸುತ್ತಿದ್ದರು ಎಂದು ನಾನು ಚುಚ್ಚುತ್ತಿದ್ದೆ.

ಅಡುಗೆಯಲ್ಲಿ ಯಾರ ಉಪ್ಪು ಹೆಚ್ಚು, ಕಾರಿಗೆ ಯಾರು ಐಸ್‌ಬಾಕ್ಸ್ ಹಾಕಲಿಲ್ಲ, ಮಕ್ಕಳು ಯಾಕೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ, ಅದು ಯಾರ ತಪ್ಪು ಎಂದೆಲ್ಲ ಪ್ರತಿ ವರ್ಷ ಜಗಳ. ಎಷ್ಟು ಚೆನ್ನಾಗಿತ್ತು ಆ ಜಗಳ!

ಇದರಲ್ಲಿ ನನ್ನದೊಂದು ಕಟ್ಟಳೆಯಿತ್ತು. ನಮ್ಮ ಕಡೆ ಮುತ್ತೈದೆಯನ್ನು, ಅದರಲ್ಲೂ ಮನೆಮಗಳಂಥವಳನ್ನು, ಬರಿಗೈಯಲ್ಲಿ ಕಳಿಸುವುದಿಲ್ಲ. ಹೊರಡುವಾಗ ಉಡಿ ತುಂಬುತ್ತಾರೆ. ಕುಂಕುಮ ಹಚ್ಚಿ, ಅವಳು ಹರಡಿದ ಸೆರಗಿಗೆ ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಬೇರು, ಅಡಿಕೆ, ಉತ್ತತ್ತಿ, ಮೇಲೊಂದು ಕುಪ್ಪಸದ ಖಣ. ನನ್ನ ಅವ್ವ ಯಾರನ್ನೂ ಹಾಗೆ ಬಿಟ್ಟವಳಲ್ಲ. ನಿಜ್ವಾದಂಥ ಊರಿನಲ್ಲಿ ಉತ್ತತ್ತಿಗೆ ಬರವೇ? ಶನಿವಾರ ಹೊರಡುವ ಮೊದಲು ಅಂಗಳದಲ್ಲೇ, ಎಲ್ಲರೂ ಸಾಮಾನು ಕಟ್ಟುತ್ತಿರುವಾಗ, ಅಕ್ಕನಿಗೂ ತಂಗಿಗೂ ನಾನು ಉಡಿ ತುಂಬುತ್ತಿದ್ದೆ. ಮೊದಲ ಸಲ ಅಕ್ಕ ತಬ್ಬಿಬ್ಬಾಗಿ, ಎಲ್ಲಿ ಹಿಡಿಯಬೇಕು ಎಂದು ಗೊತ್ತಾಗದೆ ವೇಲನ್ನು ತಲೆಯ ಮೇಲೆ ಹೊದ್ದುಕೊಂಡು ನಿಂತಿದ್ದಳು. ‘ಅಯ್ಯ, ಮದುವಿ ಹೆಣ್ಣಿನಂಗ ಯಾಕ ನಿಂತಿ? ಮುಂದ ಹರವು’ ಎಂದು ನಾನು ಗದರಿದ್ದೆ. ನಂತರದ ವರ್ಷಗಳಲ್ಲಿ ಕರೆಯುವ ಮೊದಲೇ ಬಂದು ನಿಲ್ಲುತ್ತಿದ್ದಳು.

ಹೀಗೆ ಐದು ಚಳಿಗಾಲ ಕಳೆದವು. ಆರನೆಯದು ಬರುವ ಮೊದಲು ಭಾವ ಹೋಗಿಬಿಟ್ಟರು. ಬೆಳಿಗ್ಗೆ ಕೆಲಸಕ್ಕೆ ಹೊರಡಲು ಬೂಟು ಕಟ್ಟುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಳಿತರಂತೆ. ಅಷ್ಟೇ. ನಾವು ಒಂದೂವರೆ ಗಂಟೆಯ ದಾರಿಯನ್ನು ಹೇಗೆ ದಾಟಿ ಹೋದೆವೋ ನನಗೆ ನೆನಪಿಲ್ಲ. ಅಕ್ಕ ಅವರನ್ನು ಊರಿಗೆ ಕರೆದೊಯ್ದು, ಕಾರ್ಯ ಮುಗಿಸಿ, ಮಗಳ ಓದಿಗಾಗಿ ತಿರುಗಿ ಬಂದಳು. ಶಾಲೆಯ ಕೆಲಸ ಇತ್ತು, ವೀಸಾ ಅವಳದೇ. ಆ ವರ್ಷ ಯಾರೂ ತೋಟದ ಮಾತೆತ್ತಲಿಲ್ಲ.

ಮರು ವರ್ಷ ಅವಳೇ ಫೋನು ಮಾಡಿದಳು. ‘ಈ ಸರ್ತಿ ಹೋಗುವ. ಅವರು ಇದ್ದಿದ್ರೆ ಬೈತಿದ್ರು, ಎಂತ ಮನೆಯಲ್ಲೇ ಕೂತಿದ್ದೀರಿ ಅಂತ’ ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಂದೇ ಜೋಳದ ಹಿಟ್ಟು ತರಿಸಿದೆ.

ಹೊರಡುವ ಹಿಂದಿನ ದಿನ ಉಡಿಯ ಸಾಮಾನು ಕಟ್ಟಲು ಕುಳಿತೆ. ಎರಡು ತೆಂಗಿನಕಾಯಿ ತೆಗೆದುಕೊಂಡಿದ್ದೆ. ಒಂದನ್ನು ತಿರುಗಿ ಬುಟ್ಟಿಗೆ ಹಾಕಿದೆ. ಗಂಡ ಹೋದವಳಿಗೆ ಉಡಿ ತುಂಬುವುದಿಲ್ಲ, ಅವಳ ಕೈಯಿಂದ ತುಂಬಿಸಿಕೊಳ್ಳುವುದಂತೂ ಇಲ್ಲವೇ ಇಲ್ಲ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದ ನನ್ನ ಸೋದರತ್ತೆ, ಉಡಿ ತುಂಬುವ ಹೊತ್ತಿಗೆ ತಾನಾಗಿಯೇ ಎದ್ದು ಹಿತ್ತಲಿಗೆ ಹೋಗುತ್ತಿದ್ದುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೆ. ಅಕ್ಕನಿಗೆ ತುಂಬಿದರೆ ಅವಳ ಗಾಯಕ್ಕೆ ಕೈಯಿಟ್ಟಂತಾದೀತು, ಅವಳೆದುರು ತಂಗಿಗೆ ತುಂಬಿದರೆ ಇನ್ನೂ ನೋವಾದೀತು. ಅವಳಿಗೆ ಕಾಣದ ಹಾಗೆ ಮುಗಿಸಿಬಿಟ್ಟರಾಯಿತು ಎಂದುಕೊಂಡೆ. ಇದು ನನ್ನ ದೊಡ್ಡ ಗುಣ ಎಂದೇ ನಂಬಿದ್ದೆ.

ಶನಿವಾರ ಊಟವಾದ ಮೇಲೆ ತಂಗಿಯನ್ನು ಒಳಗಿನ ಕೋಣೆಗೆ ಕರೆದೆ. ಅವಳು ಆಗ ನಾಲ್ಕು ತಿಂಗಳ ಬಸುರಿ. ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದೆ. ಮೂರನೆಯ ಬೊಗಸೆ ಹಾಕುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕನ ಕೈಚೀಲ ಅದೇ ಕೋಣೆಯಲ್ಲಿತ್ತು. ತೆರೆಯದೆ ವಿಧಿಯಿರಲಿಲ್ಲ. ತಂಗಿ ಸೆರಗು ಹರಡಿಕೊಂಡು ನಿಂತಿದ್ದಳು. ನನ್ನ ಅಂಗೈಗೆ ಇನ್ನೂ ಅಕ್ಕಿ ಅಂಟಿತ್ತು. ಅಕ್ಕ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ‘ಓ, ಮಾಡಿ ಮಾಡಿ’ ಎಂದು ಚೀಲ ತೆಗೆದುಕೊಂಡು ಹೋದಳು. ನಾವು ಹೊರಗೆ ಬರುವಷ್ಟರಲ್ಲಿ ಅವಳ ಕಾರು ತೋಟದ ಗೇಟು ದಾಟಿತ್ತು.

ಆಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಜಗಳ ನನಗೆ ಬರುತ್ತದೆ. ಅವಳು ಸುಮ್ಮನಾದಳು. ವಾರಕ್ಕೆ ಮೂರು ಸಲ ಬರುತ್ತಿದ್ದ ಫೋನು ನಿಂತಿತು. ಹಬ್ಬಕ್ಕೆ ಕೈಮುಗಿದ ಚಿತ್ರವೊಂದು ಮೊಬೈಲಿಗೆ ಬರುತ್ತಿತ್ತು. ನಾನು ಫೋನು ಮಾಡಿದರೆ, ‘ಮಕ್ಕಳ ಪರೀಕ್ಷೆ ಪೇಪರ್ ನೋಡ್ತಾ ಇದ್ದೇನೆ, ಆಮೇಲೆ ಮಾಡ್ತೇನೆ’ ಎನ್ನುವಳು. ಮಾಡುತ್ತಿರಲಿಲ್ಲ. ಒಮ್ಮೆ ಮಸ್ಕತ್ತಿಗೆ ಬಂದವಳು ನಮ್ಮ ಅಲ್ ಹೈಲ್ ದಾಟಿಕೊಂಡೇ ಹೋದಳೆಂದು ತಂಗಿಯ ಬಾಯಲ್ಲಿ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ‘ಇಷ್ಟಕ್ಕ ಇಷ್ಟು ಸಿಟ್ಟೇನು? ನಾ ಏನ್ ಬೇಕಂತ ಮಾಡೀನಿ?’ ಎಂದು ನಮ್ಮನೆಯವರ ಮೇಲೆ ಹರಿಹಾಯ್ದೆ. ಅವರು ಪೇಪರಿನಿಂದ ಮುಖವೆತ್ತಿ, ‘ನೀ ಯಾಕ ಬಾಗಲಾ ಹಾಕಿದಿ?’ ಎಂದು ಕೇಳಿದರು. ಮಿತಭಾಷಿಗಳ ಜೊತೆ ಇದೇ ತೊಂದರೆ, ಅಪರೂಪಕ್ಕೆ ಆಡಿದ ಮಾತು ನೆಟ್ಟಗೆ ಬಂದು ತಗಲುತ್ತದೆ. ನಾನು ಎದ್ದು ಒಳಗೆ ಹೋದೆ.

ಉತ್ತರ ನನಗೆ ಗೊತ್ತಿತ್ತು. ಆ ಚಳಿಗಾಲಕ್ಕೆ ಎರಡು ತಿಂಗಳ ಮೊದಲು ನಮ್ಮನೆಯವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ನಾನು ಹೆದರಿ ಸತ್ತಿದ್ದೆ. ಕುಂಕುಮ, ಅಕ್ಕಿ, ಕಾಯಿ ಎಲ್ಲವನ್ನೂ ನಾನು ಆಗ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅಕ್ಕನಿಗೆ ಆದದ್ದು ನನಗೂ ಆಗಿಬಿಟ್ಟರೆ? ಅವಳ ನೋವು ನೋಡಲಾಗದೆ ಬಾಗಿಲು ಹಾಕಿದೆ ಎಂದು ಊರಿಗೆಲ್ಲ ಹೇಳಿಕೊಂಡೆನಲ್ಲ, ನಾನು ಬಾಗಿಲು ಹಾಕಿದ್ದು ಅವಳ ಪಾಲಿಗೆ ಬಂದದ್ದು ಒಳಗೆ ಬಾರದಿರಲೆಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು.

ಅವಳು ಒಮಾನ್ ಬಿಟ್ಟು ಹೋಗುತ್ತಿದ್ದಾಳೆ ಎಂಬ ಸುದ್ದಿಯೂ ನನಗೆ ತಂಗಿಯಿಂದಲೇ ಬಂದದ್ದು. ಮಗಳ ಹನ್ನೆರಡನೆಯ ತರಗತಿ ಮುಗಿಯುತ್ತದೆ, ಮಾರ್ಚ್ ಕೊನೆಗೆ ಖಲಾಸ್, ತಾಯಿ ಮಗಳು ಇಬ್ಬರೂ ಊರಿಗೆ. ನಾನು ಮಾನ ಮರ್ಯಾದೆ ಪಕ್ಕಕ್ಕಿಟ್ಟು ಫೋನು ಮಾಡಿದೆ. ‘ಅಕ್ಕಾ, ಒಂದ್ಸಲ ತೋಟಕ್ಕ ಬಾ. ಕಡೀ ಸಲ’ ಎಂದೆ. ‘ಮಗಳಿಗೆ ಪರೀಕ್ಷೆ ಮೊದ್ಲು ಒಂದು ದಿನ ತೋಟಕ್ಕೆ ಬರ್ಬೇಕಂತೆ. ಶನಿವಾರ ಬರ್ತೇವೆ. ಉಳ್ಕೊಳ್ಳುದಿಲ್ಲ’ ಎಂದಳು. ಅಷ್ಟು ಸಿಕ್ಕಿದ್ದೇ ದೊಡ್ಡದೆಂದುಕೊಂಡೆ.

ಬಂದಳು. ಸೊರಗಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಜೊತೆ ಮಾತಾಡಿದಳು, ಆದರೆ ಮದುವೆಮನೆಯಲ್ಲಿ ದೂರದ ನೆಂಟರೊಡನೆ ಮಾತಾಡುವ ಹಾಗೆ. ರೊಟ್ಟಿ ಚೆನ್ನಾಗಿದೆ ಎಂದಳು, ನಮ್ಮನೆಯವರ ಆರೋಗ್ಯ ವಿಚಾರಿಸಿದಳು, ತಂಗಿಯ ಕೂಸನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಅಡುಗೆಮನೆಗೂ ಅಂಗಳಕ್ಕೂ ಓಡಾಡುತ್ತ, ಈಗ ಹೇಳಲೇ, ಆಮೇಲೆ ಹೇಳಲೇ ಎಂದು ಒದ್ದಾಡಿದೆ.

ಊಟವಾದ ಮೇಲೆ ಅವಳ ಮಗಳು ಮಜ್ಲಿಸಿನ ಟಿವಿಗೆ ಆ ಸಿನಿಮಾ ಹಾಕಿದಳು. ‘ಆಂಟಿ, ಇಟ್ಸ್ ಲೈಕ್ ಯೂ ಪೀಪಲ್’ ಎಂದಳು. ಮಾತು ಇಟಾಲಿಯನ್, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ತಂಗಿಗೆ ಅಷ್ಟು ಬೇಗ ಓದಲು ಆಗದೆಂದು ನಾನು ಗಟ್ಟಿಯಾಗಿ ಓದಿ ಹೇಳುತ್ತ ಹೋದೆ. ನನ್ನ ಬಾಯಲ್ಲಿ ಇಟಲಿಯವರೆಲ್ಲ ಬಾಗಲಕೋಟೆಯವರಾದರು.

ಆ ಸಿನಿಮಾದಲ್ಲಿ ಮನೆಯ ಯಜಮಾನ ತೀರಿಕೊಂಡಿರುತ್ತಾನೆ. ಅವನಿಲ್ಲದ ಮೊದಲ ಬೇಸಿಗೆ ಅದು. ಅವನ ಹೆಂಡತಿ ಇಷ್ಟು ವರ್ಷ ಆ ಅಡುಗೆಮನೆಯ ದೊರೆಸಾನಿ. ಈಗ ಸೊಸೆಯರು, ನಾದಿನಿಯರು ಅವಳ ಕೈಗೆ ಏನನ್ನೂ ಕೊಡುವುದಿಲ್ಲ. ಹಿಟ್ಟಿಗೆ ಕೈ ಹಾಕಿದರೆ ಬಟ್ಟಲು ಕಸಿಯುತ್ತಾರೆ. ‘ಏ ಯವ್ವಾ, ನೀ ಸುಮ್ನ ಕುಂದ್ರು, ನಾವ್ ಮಾಡ್ತೀವಿ’ ಎಂದು ನಾನು ಓದಿದೆ. ಅವಳನ್ನು ಕುರ್ಚಿಯ ಸಮೇತ ಎತ್ತಿ ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಇಡುತ್ತಾರೆ, ಬಿಸಿಲು ಸರಿದಂತೆ ಮತ್ತೆ ಎತ್ತುತ್ತಾರೆ. ಮೇಜಿನಿಂದ ದೂರ, ಇನ್ನೂ ದೂರ. ಅಕ್ಕ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಎರಡು ವರ್ಷಗಳಾಗಿತ್ತು ನಾನು ಆ ನಗು ಕೇಳಿ. ನಾನೂ ನಕ್ಕೆ.

ಆಮೇಲೆ ಆ ಹೆಂಗಸು ಯಾರಿಗೂ ಹೇಳದೆ ಎದ್ದು ಹೋಗಿ, ಪಕ್ಕದ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು, ನಿಮ್ಮಲ್ಲಿ ಸ್ವಲ್ಪ ಹಿಟ್ಟು ಕಲಸಿ ಕೊಡಲೇ ಎಂದು ಕೇಳುತ್ತಾಳೆ. ಗುರುತಿಲ್ಲದವರ ಮನೆ. ನನ್ನ ಓದು ನಿಂತಿತು. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ, ‘ಪಾಪ, ಅವರದ್ದೂ ಕೆಟ್ಟ ಮನಸ್ಸಲ್ಲ. ಒಳ್ಳೇದು ಮಾಡ್ತಾ ಇದ್ದೇವೆ ಅಂತ್ಲೇ ಎಣಿಸಿದ್ದಾರೆ’ ಎಂದಳು. ಮೆಲ್ಲಗೆ, ತನಗೇ ಹೇಳಿಕೊಂಡಂತೆ. ಅಷ್ಟರಲ್ಲಿ ನಮ್ಮನೆಯವರು ಬಂದು ಮೂರೂಕಾಲಾಯಿತು, ನಾಲ್ಕಕ್ಕೆ ತೋಟ ಬಿಟ್ಟುಕೊಡಬೇಕು ಎಂದರು. ಟಿವಿ ಆರಿಸಿದೆವು.

ಅಂಗಳದಲ್ಲಿ ಮೂರು ಕಾರುಗಳ ಡಿಕ್ಕಿ ತೆರೆದಿತ್ತು. ನಾನು ಈ ಸಲ ಎರಡು ಉಡಿ ಕಟ್ಟಿಕೊಂಡು ಬಂದಿದ್ದೆ. ತಂದದ್ದನ್ನು ತೆಗೆಯುವ ಧೈರ್ಯ ಬಂದದ್ದು ಆಗ. ಅಕ್ಕ ಕಾರಿನ ಹತ್ತಿರ ಹೋಗುತ್ತಿದ್ದವಳನ್ನು ಕೈಹಿಡಿದು ನಿಲ್ಲಿಸಿ, ‘ವೇಲ್ ಹಿಡಿ ಅಕ್ಕಾ’ ಎಂದೆ.

ಅವಳು ನನ್ನ ಕೈಯಲ್ಲಿದ್ದ ಅಕ್ಕಿಯ ಚೀಲ ನೋಡಿದಳು. ‘ಇಲ್ಲಿಯಾ?’

‘ಇಲ್ಲೇ. ಎಲ್ಲಾರ ಮುಂದ.’ ಅಳು ಬಂದುಬಿಟ್ಟಿತು. ‘ಅವತ್ತು ನಾ ತಪ್ಪು ಮಾಡೀನಿ. ನಿನಗ ನೋವಾಗಬಾರದು ಅಂತ ಮಾಡಿದ್ನಿ ಅಂತ ಎಲ್ಲಾರಿಗೂ ಹೇಳ್ಕೋತ ಬಂದೀನಿ. ಸುಳ್ಳು ಅದು. ನನಗ ಹೆದರಿಕಿ ಆಗಿತ್ತು. ನಿನ್ನ ನೋಡಿ ಹೆದರಿದ್ನಿ.’

ತಂಗಿ ಕೂಸನ್ನು ಭುಜಕ್ಕೆ ಹಾಕಿಕೊಂಡು ಅಲ್ಲೇ ನಿಂತಿದ್ದಳು. ‘ಗೊತ್ತುಂಟು ಮಾರಾಯ್ತಿ’ ಎಂದಳು ಅಕ್ಕ. ‘ಅಕ್ಕಿ ಕಾಯಿ ಸಿಗ್ಲಿಲ್ಲ ಅಂತ ನನಗೆ ಬೇಜಾರಿಲ್ಲ. ಹೊರಡುವಾಗ್ಲೆಲ್ಲ ಹೀಗೆ ಕೊಡುವ ಕ್ರಮ ನಮ್ಮಲ್ಲಿ ಇಲ್ಲವೇ ಇಲ್ಲ, ನಿನ್ನ ಖುಷಿಗೆ ಅಂತ ಹಿಡೀತಿದ್ದದ್ದು. ಆದ್ರೆ ನೀನು ಚಿಲಕ ಹಾಕಿದ್ದು ಉಂಟಲ್ಲ... ನಾನು ಹೊರಗೆ ನಿಂತು ಯೋಚನೆ ಮಾಡಿದೆ, ಒಳಗೆ ಅಂಥದ್ದು ಎಂತ ನಡೀತಾ ಉಂಟು, ನನಗೆ ಕಾಣಬಾರದ್ದು ಅಂತ. ಅವರು ಹೋದಾಗಲೂ ನನಗೆ ಅಷ್ಟು ಒಂಟಿ ಅನ್ನಿಸಿರ್ಲಿಲ್ಲ.’

ನಾನು ಕುಂಕುಮದ ಭರಣಿ ತೆರೆದೆ. ಅವಳು ಹಣೆ ಮುಂದೆ ಮಾಡಿದಳು. ವೇಲು ಹರಡಿದಳು. ಐದು ಬೊಗಸೆ ಹಾಕಿದೆ, ಕಾಯಿ, ಖಣ, ಎಲ್ಲ ಹಾಕಿದೆ. ನಮಸ್ಕಾರ ಮಾಡಲು ಬಗ್ಗಿದರೆ ತೋಳು ಹಿಡಿದು ಎಬ್ಬಿಸಿದಳು. ಮುಗಿಯಿತು, ಇನ್ನು ಎಲ್ಲ ಸರಿಹೋಯಿತು ಎಂದು ನನಗೆ ಎದೆ ಹಗುರಾಯಿತು.

ಅವಳು ಮಾತ್ರ ಅಲುಗಾಡಲಿಲ್ಲ. ಕಾಯಿಯನ್ನೂ ಖಣವನ್ನೂ ಮಗಳ ಕೈಗೆ ಕೊಟ್ಟು, ವೇಲಿನ ಎರಡೂ ತುದಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರೊಳಗಿನ ಅಕ್ಕಿಗೆ ಎರಡೂ ಕೈ ಹಾಕಿ ಬೊಗಸೆ ತುಂಬಿಕೊಂಡಳು. ‘ಈಗ ನೀನು ಹಿಡಿ. ಇಷ್ಟು ವರ್ಷ ನೀನೇ ಕೊಟ್ಟದ್ದು, ನಾನು ಒಂದು ಸಲವೂ ಕೊಡ್ಲಿಲ್ಲ. ಮಾರ್ಚಿಗೆ ಹೋದ್ರೆ ಮತ್ತೆ ಯಾವಾಗಲೋ.’

ಎದುರಿಗೆ ಕಾರಿನ ಸ್ಟೀರಿಂಗಿನ ಹಿಂದೆ ನಮ್ಮನೆಯವರು ಕುಳಿತಿದ್ದರು. ಗಾಜು ಇಳಿಸಿ ನಮ್ಮನ್ನೇ ನೋಡುತ್ತಿದ್ದರು. ನನ್ನ ಕೈ ಸೆರಗಿನ ತುದಿಗೆ ಹೋಗಿ ಅಲ್ಲೇ ನಿಂತಿತು. ಇಷ್ಟೆಲ್ಲ ಒಪ್ಪಿಕೊಂಡು, ಎಲ್ಲರ ಮುಂದೆ ಅತ್ತು, ಆದರೂ ನನ್ನ ಕಣ್ಣು ಅವರ ಕಡೆ ಹೋಯಿತು. ಅವರ ಎದೆಯ ಕಡೆ, ಅಂಗಿಯ ಜೇಬಿನ ಕಡೆ ಹೋಯಿತು. ಒಂದು ಉಸಿರಿನಷ್ಟು ಹೊತ್ತು ಇರಬಹುದು. ಇಪ್ಪತ್ತು ವರ್ಷ ಮಕ್ಕಳ ಮುಖ ನೋಡಿಯೇ ಉತ್ತರ ಬರುತ್ತದೋ ಇಲ್ಲವೋ ಹೇಳಿದವಳು ಅಕ್ಕ. ಅವಳಿಗೆ ಕಾಣದೆ ಇರುತ್ತದೆಯೇ? ಕಂಡಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಬೊಗಸೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅವಸರ ಮಾಡಲಿಲ್ಲ. ಕಾದಳು.

ನಾನು ಸೆರಗು ಹರಡಿದೆ. ಅಷ್ಟೆಲ್ಲ ಕಂಡ ಮೇಲೂ ಅವಳು ನನ್ನ ಉಡಿಗೆ ಐದು ಬೊಗಸೆ ಅಕ್ಕಿ ಹಾಕಿದಳು.